ಹಿಮಾಲಯನ್ 411ಕ್ಕೆ ಫ್ಯುಯೆಲ್‌ಎಕ್ಸ್, ಪವರ್‌ಟ್ರಾನಿಕ್, ಬೂಸ್ಟರ್‌ಪ್ಲಗ್: ಯಾವುದು ಹಾಕಿಸಲಿ?

ಘಾಟಿ_ಸವಾರ:
ನನ್ನದು 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು, ಬಿಎಸ್6. 38 ಸಾವಿರ ಕಿ.ಮೀ. ಆಗಿದೆ. ಆರು ತಿಂಗಳ ಹಿಂದೆ ಸೈಲೆನ್ಸರ್ ಬದಲಿಸಿದೆ, ಅಲ್ಲಿಂದ ಶುರುವಾಯ್ತು. ಶಿರಾಡಿ ಇಳಿಯುವಾಗ ಥ್ರಾಟಲ್ ಬಿಟ್ಟರೆ ಸಾಕು, ಹಿಂದೆ ದೀಪಾವಳಿ. ಅದು ಸಾಲದು ಅಂತ ಮೂರನೇ ಗೇರಲ್ಲಿ 40ರ ಆಸುಪಾಸು ಹಿಡಿದರೆ ಬೈಕು ಜಗ್ಗಿ ಜಗ್ಗಿ ಓಡುತ್ತೆ. ಹಿಂದೆ ಕೂತ ಹೆಂಡತಿಯ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್ ಟಕ್ ಅಂತ ಬಡಿಯೋದನ್ನು ಸಕಲೇಶಪುರದಿಂದ ಹಾಸನದವರೆಗೆ ಕೇಳಿಸಿಕೊಂಡಿದೀನಿ. ಅಂಗಡಿಯವನು "ಲೀನ್ ಓಡ್ತಿದೆ ಸಾರ್, ಟ್ಯೂನರ್ ಹಾಕಿಸಿ" ಅಂದ. ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲ್ತಿಲ್ಲ, ಅದನ್ನ ಸರಿಪಡಿಸೋ ಡಬ್ಬಿ ಹಾಕಿಸಿ ಅಂತ. ಮೇಲೆ ಹೆಸರಿಸಿದ ಮೂರು ಟ್ಯೂನರಲ್ಲಿ ಯಾವುದು? ಪವರ್ ಜಾಸ್ತಿ ಬೇಕಂತಿಲ್ಲ, ಮೆತ್ತಗೆ ಓಡಿದರೆ ಸಾಕು.

ಗ್ರೀಸ್‌ಕೈ:
ಪವರ್‌ಟ್ರಾನಿಕ್ ಹಾಕಿಸಿ ಗುರು, ಹಾರುತ್ತೆ.

ಹಳೇ_ಸ್ಪ್ಯಾನರ್:
ಹಾರೋದು ಬೇಡ ಅಂತಲೇ ಅಲ್ವಾ ಅವರು ಕೇಳ್ತಿರೋದು?

ಮೂರನ್ನೂ ಬಳಸಿದ್ದೀನಿ, ಸ್ವಂತ ದುಡ್ಡಲ್ಲಿ. ಬೂಸ್ಟರ್‌ಪ್ಲಗ್ ಮತ್ತು ಫ್ಯುಯೆಲ್‌ಎಕ್ಸ್ ನಿಮ್ಮಂಥದ್ದೇ ಹಿಮಾಲಯನ್ ಮೇಲೆ, ಪವರ್‌ಟ್ರಾನಿಕ್ ನನ್ನ ಹಳೇ ಡ್ಯೂಕ್ 390 ಮೇಲೆ. ಯಾವ ಡಬ್ಬಿ ಯಾವ ತಂತಿಗೆ ಕೈ ಹಾಕುತ್ತೆ ಅಂತ ತಿಳ್ಕೊಂಡ್ರೆ ಅರ್ಧ ಗೊಂದಲ ಮುಗೀತು.

ಡೆನ್ಮಾರ್ಕಿನ ಬೂಸ್ಟರ್‌ಪ್ಲಗ್ ಇಸಿಯುಗೆ (ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕೋ ಬೈಕಿನ ಕಂಪ್ಯೂಟರ್) ಒಂದೇ ಒಂದು ಸುಳ್ಳು ಹೇಳುತ್ತೆ: ಹೊರಗಿನ ಗಾಳಿ ಇರೋದಕ್ಕಿಂತ 20 ಡಿಗ್ರಿ ತಣ್ಣಗಿದೆ ಅಂತ. ತಣ್ಣನೆ ಗಾಳಿ ದಟ್ಟ ಅಲ್ವಾ, ಇಸಿಯು ಸುಮಾರು 6% ಪೆಟ್ರೋಲ್ ಜಾಸ್ತಿ ಬಿಡುತ್ತೆ. ಹಾಕೋಕೆ ಹತ್ತು ನಿಮಿಷ. ಆದ್ರೆ ಒಂದೇ ಸ್ಪೀಡಲ್ಲಿ ಹೋಗ್ತಿರುವಾಗ ಇಸಿಯು ಸೈಲೆನ್ಸರ್ ಪೈಪಲ್ಲಿ ಹೊಗೆಯ ಆಮ್ಲಜನಕ ಅಳೆಯೋ ಓ2 ಸೆನ್ಸರ್ ಮಾತು ಕೇಳುತ್ತೆ. ಆ ಸೆನ್ಸರ್ "ಪೆಟ್ರೋಲ್ ಜಾಸ್ತಿಯಾಯ್ತು" ಅಂದ ತಕ್ಷಣ ಕೊಟ್ಟಿದ್ದನ್ನೆಲ್ಲ ವಾಪಸ್ ಕಿತ್ಕೊಳ್ಳುತ್ತೆ. ಹಾಗಾಗಿ ಥ್ರಾಟಲ್ ತಿರುಗಿಸಿದ ಕ್ಷಣದಲ್ಲಿ ಅದರ ಗುಣ ಗೊತ್ತಾಗುತ್ತೆ, 40ರಲ್ಲಿ ಹಿಡಿದು ಹೋಗುವಾಗ ಅಷ್ಟು ಗೊತ್ತಾಗಲ್ಲ. ನಿಮ್ಮ ಜಗ್ಗಾಟ ಇರೋದೇ ಆ 40ರಲ್ಲಿ.

ಫ್ಯುಯೆಲ್‌ಎಕ್ಸ್ ಒಂದು ಕಡೆ ಇಸಿಯು, ಇನ್ನೊಂದು ಕಡೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಮತ್ತು ಓ2 ಸೆನ್ಸರ್, ಇವುಗಳ ಮಧ್ಯೆ ಕೂರುತ್ತೆ. ಇಸಿಯು ಏನು ಕೇಳಿಸ್ಕೋಬೇಕು ಅನ್ನೋದು ಅದರ ಕೈಯಲ್ಲೇ ಇರುತ್ತಲ್ಲ, ಅದಕ್ಕೇ ಕೊಟ್ಟ ಪೆಟ್ರೋಲ್ ವಾಪಸ್ ಹೋಗಲ್ಲ. ನನ್ನ ಗಾಡೀಲಿ ಚಾರ್ಮಾಡಿಯ ಹೇರ್‌ಪಿನ್‌ನಲ್ಲಿ ಎರಡನೇ ಗೇರಲ್ಲಿ ಥ್ರಾಟಲ್ ಮತ್ತೆ ತೆರೆಯುವಾಗ ಬರ್ತಿದ್ದ ಆ "ಟಣ್" ಅನ್ನೋ ಜರ್ಕು ಹೋಯ್ತು. ಎಂಜಿನ್ ಬಿಸಿ ತೊಡೆಗೆ ತಾಗೋದೂ ಕಡಿಮೆ ಆಯ್ತು ಅನ್ನಿಸ್ತು. ಮೈಲೇಜು ಲೀಟರಿಗೆ 31 ಬರ್ತಿದ್ದಿದ್ದು 28ಕ್ಕೆ ಇಳೀತು, ಇದನ್ನ ಮಾತ್ರ ಯಾರೂ ಮೊದಲೇ ಹೇಳಲ್ಲ.

ಪವರ್‌ಟ್ರಾನಿಕ್ ಪೆಟ್ರೋಲ್ ಜೊತೆ ಸ್ಪಾರ್ಕ್ ಟೈಮಿಂಗನ್ನೂ ಬದಲಿಸುತ್ತೆ. ಡ್ಯೂಕಿನಂಥ ರೆವ್ ಆಗೋ ಎಂಜಿನ್‌ಗೆ ಸೊಗಸು. ಆದ್ರೆ ನಾನು ಅಡ್ವಾನ್ಸ್ (ಕಿಡಿ ಬೇಗ ಹಾರಿಸೋದು) ಸ್ವಲ್ಪ ಜಾಸ್ತಿ ಇಟ್ಟ ಮ್ಯಾಪಲ್ಲಿ, ಅಂದ್ರೆ ಸೆಟ್ಟಿಂಗಲ್ಲಿ, ಮಾಮೂಲಿ ಪೆಟ್ರೋಲ್ ಹಾಕಿ ಏರು ಹತ್ತಿಸಿದಾಗ ಎಂಜಿನ್ ಒಳಗೆ ಗೋಲಿ ಕುಲುಕಿದ ಸದ್ದು ಬಂತು. ಅವತ್ತಿಂದ ಅಷ್ಟು ಬೇಗ ತಾನಾಗಿ ಹೊತ್ತಿಕೊಳ್ಳದ 95 ಆಕ್ಟೇನ್ ಪೆಟ್ರೋಲ್ ಹುಡುಕೋದೇ ಕೆಲಸ. 78 ಮಿ.ಮೀ. ಬೋರಿಗೆ (ಸಿಲಿಂಡರಿನ ಅಗಲ) 86 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಇರೋ ಹಿಮಾಲಯನ್ ಎಮ್ಮೆ ಥರ, ಕಡಿಮೆ ರೆವ್ವಲ್ಲಿ ನಿಧಾನಕ್ಕೆ ಎಳೆಯುತ್ತೆ. ಕುದುರೆ ಲಾಳ ಹೊಡೆಸಿ ಏನು ಪ್ರಯೋಜನ?

ಇಷ್ಟೆಲ್ಲ ಹೇಳಿದ ಮೇಲೂ ನಾಳೆಯೇ ದುಡ್ಡು ಬಿಚ್ಚಬೇಡಿ. ಸೈಲೆನ್ಸರ್ ಬದಲಿಸಿದ ಮೇಲೆ ಶುರುವಾಯ್ತು ಅಂದ್ರಲ್ಲ, ಜಾಯಿಂಟಿನ ಸಂದಿ ಮುಚ್ಚೋ ಗ್ಯಾಸ್ಕೆಟ್ ಹೊಸದು ಹಾಕಿದ್ರಾ? ಥ್ರಾಟಲ್ ಮುಚ್ಚಿದಾಗ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ನುಗ್ಗಿ, ಪೈಪಲ್ಲಿ ಉರಿಯದೆ ಉಳಿದ ಪೆಟ್ರೋಲಿಗೆ ಸಿಕ್ಕಿದ್ರೆ ಅದೇ ನಿಮ್ಮ ದೀಪಾವಳಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಟ್ಯಾಂಕಿನಿಂದ ದೂರ, ಜಾಯಿಂಟ್ ಹತ್ರ ಊದುಬತ್ತಿ ಹಿಡೀರಿ. ಹೊಗೆ ನೆಟ್ಟಗೆ ಏಳದೆ ಪುಕ್ ಪುಕ್ ಅಂತ ಚದುರಿದ್ರೆ ಅಲ್ಲೇ ಲೀಕು. ಹಾಗೇ ಚೈನ್ ಸಡಿಲ ನೋಡಿ, ಹಿಂದಿನ ಚಕ್ರದಲ್ಲಿ ಚೈನಿನ ಜರ್ಕು ನುಂಗೋ ಕುಶ್ ರಬ್ಬರ್ ನೋಡಿ. 38 ಸಾವಿರ ಅಂದ್ರೆ ಅದಕ್ಕೂ ವಯಸ್ಸಾಗಿರುತ್ತೆ.

ಮಲೆನಾಡ_ಮಳೆ:
ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ ಗಾಳಿ 14.7 ಪಾಲು ಬೇಕಾದ್ರೆ ಇದಕ್ಕೆ ಸುಮಾರು 13.5 ಸಾಕು. ಹಳೇ ಮ್ಯಾಪ್ ಇರೋ ಗಾಡಿ ಲೀನ್ ಆಗಲ್ವಾ?

ಹಳೇ_ಸ್ಪ್ಯಾನರ್:
ಓ2 ಸೆನ್ಸರ್ ಕೇಳಿಸಿಕೊಂಡು ಓಡುವಾಗ ಇಸಿಯು ತಾನೇ ಸರಿ ಮಾಡ್ಕೊಳ್ಳುತ್ತೆ. ಪೂರ್ತಿ ಥ್ರಾಟಲಲ್ಲಿ ಸೆನ್ಸರನ್ನ ಕೇಳಲ್ಲ, ಅಲ್ಲಿ ನಿಮ್ಮ ಮಾತು ನಿಜ.

ರೂಲ್ಸ್_ರಾಯರು:
ಒಂದು ಕೊಕ್ಕೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಬದಲಾಯಿಸೋದರ ಬಗ್ಗೆ, 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂ. ದಂಡ ಬೀಳಬಹುದು. ಡಬ್ಬಿ ಸೀಟಿನ ಕೆಳಗೆ ಅವಿತ್ಕೊಂಡಿರುತ್ತೆ, ಸೈಲೆನ್ಸರ್ ಮಾತ್ರ ಊರಿಗೆಲ್ಲ ಕೇಳಿಸುತ್ತೆ.

ಘಾಟಿ_ಸವಾರ:
ಊದುಬತ್ತಿ ಹಿಡಿದೆ. ಅಮ್ಮ ಬಾಗಿಲಲ್ಲಿ ನಿಂತು "ಬೈಕಿಗೆ ಪೂಜೆನಾ?" ಅಂದ್ರು. ಹೊಗೆ ಚೆಲ್ಲಾಪಿಲ್ಲಿ. ಬಿಚ್ಚಿ ನೋಡಿದ್ರೆ ಅಂಗಡಿಯವನು ಹಳೇ ಗ್ಯಾಸ್ಕೆಟ್ಟೇ ಮತ್ತೆ ತುರುಕಿದ್ದ, ಒಂದು ಕಡೆ ಅಂಚು ಸುಟ್ಟು ಕಿತ್ತುಹೋಗಿತ್ತು. ಹೊಸದು ಹಾಕಿದೆ, ಚೈನೂ ಬಿಗಿ ಮಾಡಿಸಿದೆ. ಭಾನುವಾರ ಗುಂಡ್ಯದವರೆಗೆ ಇಳಿದು ಬಂದೆ, ಪಟಾಕಿ ಎರಡೋ ಮೂರೋ ಅಷ್ಟೇ. ಮೂರನೇ ಗೇರಿನ ಜಗ್ಗಾಟ ಅರ್ಧ ಉಳಿದಿದೆ. ಕುಶ್ ರಬ್ಬರಿಗೆ ಆರ್ಡರ್ ಹಾಕಿದೀನಿ. ಅದು ಬಂದ ಮೇಲೂ ಹೆಲ್ಮೆಟ್ಟು ಬಡಿದರೆ ಫ್ಯುಯೆಲ್‌ಎಕ್ಸ್.