ಹೈವೇ ಬಂಕಲ್ಲಿ ಇ20 (20% ಎಥೆನಾಲ್ ಬೆರೆಸಿದ ಪೆಟ್ರೋಲ್) ಬಿಟ್ಟು ಬೇರೆ ಪೆಟ್ರೋಲ್ ಕೇಳೋ ಹಾಗೇ ಇಲ್ವಾ?

ಹಳೆಗಾಡಿ, ತುಮಕೂರು
ನನ್ನದು 2012ರ ಬೈಕ್, ಕಾರ್ಬುರೇಟರ್ ಗಾಡಿ. ತಿಂಗಳಿಗೆ ಎರಡು ಸಲ ಹೆಂಡತಿ ತವರು ಹಾವೇರಿಗೆ ಎನ್‌ಎಚ್ 48ರಲ್ಲೇ ಓಡಾಟ. ಲೀಟರಿಗೆ 48 ಕೊಡ್ತಿದ್ದದ್ದು ಈಗ 45 ದಾಟಲ್ಲ. ಹೋಗಲಿ, ಗಾಡಿಗೂ ವಯಸ್ಸಾಯ್ತು. ಆದ್ರೆ ಹೋದ ತಿಂಗಳು ಮೆಕ್ಯಾನಿಕ್ ಕಾರ್ಬುರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು, ಫ್ಲೋಟ್ ಬೌಲ್, ಬಿಚ್ಚಿ ತೋರಿಸಿದ. ತಳದಲ್ಲಿ ನೀರು, ಸೋರದ ಹಾಗೆ ಹಾಕೋ ರಬ್ಬರ್ ಓ-ರಿಂಗ್ ಊದ್ಕೊಂಡು ನೆನೆದ ಶಾವಿಗೆ ಥರ ಆಗಿತ್ತು. ಶಿರಾ ದಾಟಿದ ಮೇಲೆ ಒಂದು ಬಂಕಲ್ಲಿ ಎಥೆನಾಲ್ ಇಲ್ಲದ್ದು ಇದೆಯಾ ಅಂದೆ. ಹುಡುಗ ನಕ್ಕು, "ಸಾರ್, ಇರೋದೇ ಇದು" ಅಂದ. ಜೈವಿಕ ಇಂಧನ ಮಾರಲೇಬೇಕು ಅಂತ ಸರ್ಕಾರ ಹೇಳುತ್ತೆ, ಸರಿ. ಬೇಡದವನಿಗೆ ಇನ್ನೊಂದು ನಾಜಲ್ ಇಡಿ ಅಂತ ಎಲ್ಲೂ ಹೇಳಿಲ್ವಾ?

ಬಂಕ್ ಮ್ಯಾನೇಜರ್, ಚಿತ್ರದುರ್ಗ
ಇಲ್ಲ ಸಾರ್. ಡಿಪೋದಲ್ಲೇ ಬೆರೆಸಿ ಟ್ಯಾಂಕರ್ ಕಳಿಸ್ತಾರೆ, ನಮ್ಮ ಕೈಲಿ ಏನೂ ಇಲ್ಲ. ಹೊಸದಾಗಿ ಪರವಾನಗಿ ತಗೊಳ್ಳೋ ಕಂಪನಿಗಳಿಗೆ 2019ರ ನಿಯಮ ಒಂದಿದೆ: ಮೂರು ವರ್ಷದೊಳಗೆ ಸಿಎನ್‌ಜಿ, ಜೈವಿಕ ಇಂಧನ, ಇವಿ ಚಾರ್ಜಿಂಗ್ ಇಂಥದ್ದರಲ್ಲಿ ಒಂದಾದರೂ ಇಡಬೇಕು. ಹಳೇ ಗಾಡಿಗೆ ಬರೀ ಪೆಟ್ರೋಲ್ ಇಡಿ ಅಂತ ಅದರಲ್ಲೂ ಇಲ್ಲ. ಅದನ್ನೇ ಕೇಳಿ ಸುಪ್ರೀಂ ಕೋರ್ಟಿಗೆ ಹೋಗಿದ್ದ ಅರ್ಜಿ 2025ರ ಸೆಪ್ಟೆಂಬರ್ 1ಕ್ಕೆ ವಜಾ ಆಯ್ತು.

ಮೈಲೇಜ್ ಬೈಕಿಗೆ 3–4% ಇಳಿಯುತ್ತೆ ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ನಿಮ್ಮದು 6% ಇಳಿದಿದೆ, ಅಂದ್ರೆ ಗಾಡಿದೂ ಸ್ವಲ್ಪ ಪಾಲಿದೆ. ನೀರಿಗೆ ನಾವೂ ಹೆದರ್ತೀವಿ. ಎಥೆನಾಲ್ ನೀರನ್ನ ಹೀರ್ಕೊಳ್ಳುತ್ತೆ, ಮಿತಿ ದಾಟಿದ್ರೆ ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತೆ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ಡಿಪ್ ರಾಡಿಗೆ ನೀರು ತಾಗಿದ್ರೆ ಬಣ್ಣ ಬದಲಾಗೋ ಪೇಸ್ಟ್ ಹಚ್ಚಿ ಬಂಕಿನ ಟ್ಯಾಂಕಿಗೆ ಇಳಿಸಿದ ಮೇಲೇ ನನಗೆ ಟೀ.

ಕಬ್ಬಿನ ಗದ್ದಿ, ಮುಧೋಳ
ರಿಂಗ್ ಹೋದ್ರ ಹೋಗ್ಲಿ ಬಿಡ್ರಿ ಅಣ್ಣಾರ, ಹೊಸಾದು ಹಾಕಸ್ರಿ. ಫ್ಯಾಕ್ಟರಿಗೆ ಎಥೆನಾಲ್ ಇಲ್ದ ಬರೇ ಸಕ್ರಿ ಒಂದ ಇದ್ದಾಗ ಕಬ್ಬಿನ ಬಿಲ್ಲಿಗೆ ನಾವು ಚಪ್ಪಲಿ ಸವಿಸೇವಿ. ಆದ್ರ ನಮಗೂ ಭರೋಸಾ ಇಲ್ಲ. 2023ರ ಡಿಸೆಂಬರ್‌ದಾಗ ಕಬ್ಬಿನ ಹಾಲಿಂದ ಎಥೆನಾಲ್ ಮಾಡಬ್ಯಾಡ್ರಿ ಅಂತ ಒಂದ ಆದೇಶ ಬಂತು. ಈಗ ನೋಡಿದ್ರ ಗೋವಿನಜೋಳದ್ದ ಹೆಚ್ಚು.

ಗೋಥೆನ್‌ಬರ್ಗ್ ಕನ್ನಡಿಗ
ಸ್ವೀಡನ್‌ನಲ್ಲಿ 2006ರಲ್ಲೇ ಕಾನೂನು ಜಾರಿಗೆ ಬಂತು: ದೊಡ್ಡ ಬಂಕ್‌ಗಳು ಒಂದು ನವೀಕರಿಸಬಹುದಾದ ಇಂಧನ ಮಾರಲೇಬೇಕು ಅಂತ. ಬಯೋಗ್ಯಾಸ್ ಪಂಪ್ ದುಬಾರಿ, ಹಾಗಾಗಿ ಹೆಚ್ಚಿನವರು ಇ85, ಅಂದ್ರೆ ಸುಮಾರು 85% ಎಥೆನಾಲ್ ಇರೋದು, ಇಟ್ಟರು. ಪಕ್ಕದಲ್ಲಿ ಪೆಟ್ರೋಲ್ ಹಾಗೇ ಇತ್ತು. 2008ರ ಕೊನೆಗೆ ಪೆಟ್ರೋಲ್ ಅಗ್ಗ ಆಗಿದ್ದೇ ತಡ, ಇ85 ಗಾಡಿ ಇದ್ದವರೂ ಆ ಕಡೆ ಹೋದ್ರು. ನೀವು ಕೇಳಿದ ಎರಡನೇ ನಾಜಲ್ ಇಟ್ಟರೆ ಇಂಡಿಯಾದಲ್ಲೂ ಅದೇ ಆದೀತು ಅಂತ ನಮ್ಮ ಸರ್ಕಾರಕ್ಕೆ ಗೊತ್ತಿಲ್ವಾ?

ಹಳೆಗಾಡಿ, ತುಮಕೂರು
ರಿಂಗ್ ಹಾಕಿಸಿದೆ. ಮ್ಯಾನೇಜರ್ ಸಾರ್, ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಫುಲ್ ಇರಬೇಕೋ ಖಾಲಿ ಇರಬೇಕೋ?

ಬಂಕ್ ಮ್ಯಾನೇಜರ್, ಚಿತ್ರದುರ್ಗ
ಫುಲ್. ಖಾಲಿ ಜಾಗದಲ್ಲೇ ತೇವ ಕೂರೋದು. ಮುಚ್ಚಳದ ರಬ್ಬರ್ ಕೂಡ ನೋಡಿಸಿ.