ಎರೆನ್‌ಫೆಲ್ಸ್ ನಮೂನಿ ಸರಕು ಹಡಗಿಗೆ ಆರು ತೋಪು ಕೂಡಿಸಿದ್ದು ಹೆಂಗ?

ವಾಸ್ಕೋ ಬಸು:
1943ರ ಮಾರ್ಚ್‌ನಾಗ ಮುರ್ಮುಗೋವಾ ಬಂದರದಾಗ ಸುಟ್ಟು ಮುಳುಗಿದ ಜರ್ಮನ್ ಹಡಗು ಎರೆನ್‌ಫೆಲ್ಸ್ ಗೊತ್ತಲ್ಲ, ಅದೇ ನಮೂನಿಯ ಗೋಲ್ಡನ್‌ಫೆಲ್ಸ್ ಅನ್ನ ಜರ್ಮನ್ ನೌಕಾಪಡೆ ‘ಅಟ್ಲಾಂಟಿಸ್’ ಅಂತ, ವೇಷ ಮರೆಸಿ ಶತ್ರುಗಳ ಸರಕು ಹಡಗು ಬೇಟೆಯಾಡಾಕ, ಯುದ್ಧಕ್ಕ ಇಳಿಸಿತ್ತು. ಸರಕು ಹೊರೋ ಹಡಗಿನ ಡೆಕ್ 150 ಮಿ.ಮೀ. ತೋಪಿನ ಒದೆತ ಹೆಂಗ ತಡಕೊಂತು? ಮತ್ತ ಇಲ್ಲಿದ್ದ ಎರೆನ್‌ಫೆಲ್ಸ್‌ಗೂ ತೋಪು ಇದ್ದುವೇನು?

ಮಜಗಾಂವ್ ಫಿಟ್ಟರ್:
ಬರೀ ಡೆಕ್ ತಗಡು ತಡಕೊಳ್ಳಲ್ಲ ಬಸು ಅವರೇ, ಹರಿದೇ ಹೋಗುತ್ತೆ. ತೋಪಿನ ಪೀಠದ ಕೆಳಗೆ ಕಂಬ ಕೊಟ್ಟು ಒದೆತವನ್ನು ಕೆಳಗಿನ ಡೆಕ್‌ಗೆ, ಅಲ್ಲಿಂದ ಪಕ್ಕೆಯ ಫ್ರೇಮ್‌ಗಳಿಗೆ ಹಂಚಬೇಕು. ಅದು ವೆಲ್ಡಿಂಗ್, ರಿವೆಟ್ ಕೆಲಸ, ಆಗುತ್ತೆ. ತಲೆನೋವು ಸಮತೋಲದ್ದು. ತೋಪು ಮೇಲೆ, ಹೋಲ್ಡ್ (ಸರಕು ತುಂಬುವ ಗೋದಾಮು) ಖಾಲಿ. ಹಡಗು ಎತ್ತರಕ್ಕೆ ತೇಲಿ ವಾಲಾಡುತ್ತೆ. ಅದಕ್ಕೆ ತಳಕ್ಕೆ ಮರಳಿನಂಥ ಭಾರ ಹಾಕಬೇಕು. ಅದೂ ಅತಿಯಾದರೆ ಹಡಗು ಬಿಗಿಯಾಗಿ, ಅಲೆಗೆ ತಟಕ್ಕನೆ ಅತ್ತಿತ್ತ ಹೊಯ್ದು ಗುರಿಯೇ ಕೂರಲ್ಲ.

ಇನ್ನೊಂದು, ಯುದ್ಧನೌಕೆಯ ಒಳಗೆಲ್ಲ ಸಣ್ಣ ಸಣ್ಣ ಕೋಣೆ, ಇದರೊಳಗೆ ಗೋದಾಮು. ಒಂದು ತೂತು ಬಿದ್ದರೆ ಇಡೀ ಗೋದಾಮಿಗೆ ನೀರು. ಬ್ರಿಟಿಷರು ತಮ್ಮ ಇಂಥ ಹಡಗುಗಳ ಹೋಲ್ಡ್‌ಗೆ ಖಾಲಿ ಡ್ರಮ್ ತುಂಬುತ್ತಿದ್ದದ್ದು ಅದಕ್ಕೇ.

ಪಣಜಿ ಲಂಗರು:
ಅಟ್ಲಾಂಟಿಸ್ ಲೆಕ್ಕ: 7,862 ಟನ್, 150 ಮಿ.ಮೀ. ತೋಪು 6, ಮೂತಿಯಲ್ಲಿ 75 ಮಿ.ಮೀ.ದು ಒಂದು, ಟಾರ್ಪೆಡೊ ಕೊಳವೆ 4, ಮೈನ್ 92, ಜೊತೆಗೆ ಸೀಪ್ಲೇನ್. ನಾಲ್ಕು ತೋಪು ಪಕ್ಕೆಯ ಕದಗಳ ಹಿಂದೆ. ಕದ ಮೇಲೆತ್ತಿದರೆ ನಳಿಗೆ ಹೊರಗೆ. ಹಿಂಭಾಗದ ಎರಡಕ್ಕೆ ಸುಳ್ಳು ಕ್ರೇನ್, ಸುಳ್ಳು ಡೆಕ್‌ಮನೆ. ಹುಸಿ ಚಿಮಣಿ, ಎತ್ತರ ಬದಲಿಸಬಹುದಾದ ಕೂವೆಕಂಬ, ರಾಶಿ ಬಣ್ಣ, ಕ್ಯಾನ್ವಾಸ್. 1940ರ ಮೇ 3ರಂದು ಮೊದಲ ಬೇಟೆ ಬ್ರಿಟಿಷ್ ಹಡಗು ‘ಸೈಂಟಿಸ್ಟ್’ ಸಿಕ್ಕಿದ್ದು ಅಟ್ಲಾಂಟಿಸ್ ಜಪಾನಿನ ‘ಕಾಸಿ ಮಾರು’ ವೇಷದಲ್ಲಿದ್ದಾಗ. ಒಟ್ಟು 22 ಹಡಗು. ಡೀಸೆಲ್ ಎಂಜಿನ್ ಇಲ್ಲದಿದ್ದರೆ ಇದಾವುದೂ ಆಗುತ್ತಿರಲಿಲ್ಲ. 10 ನಾಟ್‌ನಲ್ಲಿ 60,000 ನಾಟಿಕಲ್ ಮೈಲಿ ಓಡಬಲ್ಲದು.

ಕೆಟ್ಟದ್ದು ಬಣ್ಣದಿಂದಲ್ಲ, ಹೆಸರಿನಿಂದ. 1941ರ ನವೆಂಬರ್ 22ರಂದು ಜರ್ಮನ್ ಜಲಾಂತರ್ಗಾಮಿ ಯು-126ಗೆ ಎಣ್ಣೆ ತುಂಬಿಸುವಾಗ ಬ್ರಿಟಿಷ್ ಯುದ್ಧನೌಕೆ ಡೆವನ್‌ಶೈರ್ ಕ್ರೂಸರ್‌ನ ಕಣ್ಣಿಗೆ ಬಿತ್ತು. ಅಟ್ಲಾಂಟಿಸ್ ತಾನು ‘ಪಾಲಿಫೀಮಸ್’ ಎಂಬ ಸರಕು ಹಡಗು ಎಂದಿತು. ಡೆವನ್‌ಶೈರ್ ದೂರದಲ್ಲೇ ನಿಂತು ರೇಡಿಯೋದಲ್ಲಿ ವಿಚಾರಿಸಿತು. ನಿಜವಾದ ಪಾಲಿಫೀಮಸ್ ಅಲ್ಲಿ ಇರಲು ಸಾಧ್ಯವಿಲ್ಲ ಎಂಬ ಉತ್ತರ ಬಂದದ್ದೇ ತಡ, 203 ಮಿ.ಮೀ. ಗುಂಡು. ಅಟ್ಲಾಂಟಿಸ್‌ನ ತೋಪು ಅಷ್ಟು ದೂರ ಮುಟ್ಟುವಂತಿರಲಿಲ್ಲ.

ಮಜಗಾಂವ್ ಫಿಟ್ಟರ್:
ಎರೆನ್‌ಫೆಲ್ಸ್ ಪ್ರಶ್ನೆ ಉಳಿಯಿತು. ಅದನ್ನು ಯುದ್ಧನೌಕೆ ಮಾಡಿರಲೇ ಇಲ್ಲ. 1939ರಿಂದ ತಟಸ್ಥ ಪೋರ್ಚುಗೀಸರ ಬಂದರಲ್ಲಿ ಸುಮ್ಮನೆ ನಿಂತಿತ್ತು. ಬ್ರಿಟಿಷರ ಸ್ವಯಂಸೇವಕ ಪಡೆ ಕಲ್ಕತ್ತಾ ಲೈಟ್ ಹಾರ್ಸ್‌ನವರು ‘ಫೀಬಿ’ ಎಂಬ ಹೂಳು ಸಾಗಿಸುವ ಬಾರ್ಜ್‌ನಲ್ಲಿ ಬಂದು ಏರಿದ್ದು ಅದರಲ್ಲಿದೆ ಎನ್ನಲಾದ ರಹಸ್ಯ ರೇಡಿಯೋಗಾಗಿ. ತಳದ ವಾಲ್ವ್ ತೆರೆದು ಬೆಂಕಿ ಹಚ್ಚಿದವರು ಹಡಗಿನವರೇ.

ತೋಪು ಏರಿಸಿಕೊಂಡ ಇನ್ನೊಂದು ಇದೇ ನಮೂನೆಯದು ಕಾಂಡೆಲ್‌ಫೆಲ್ಸ್, ಆಮೇಲಿನ ‘ಪಿಂಗ್ವಿನ್’. 1941ರ ಮೇ 8ರಂದು ಬ್ರಿಟಿಷ್ ಕ್ರೂಸರ್ ಕಾರ್ನ್‌ವಾಲ್‌ನ ಗುಂಡು ಮೈನ್ ಇಟ್ಟ ಹೋಲ್ಡ್‌ಗೇ ಬಿತ್ತು. ಕವಚವಿಲ್ಲದ ಗೋದಾಮು, ಹಡಗೇ ಸಿಡಿದುಹೋಯಿತು. ಕೆಳಗೆ ಕೂಡಿಹಾಕಿದ್ದ ಕೈದಿಗಳಲ್ಲಿ ಹೆಚ್ಚಿನವರು ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಲಸ್ಕರ್‌ಗಳು, ಅಂದರೆ ಭಾರತದ ಖಲಾಸಿಗಳು. ಬಹುಪಾಲು ಜನ ಅಲ್ಲೇ ಸತ್ತರು.