ಓದುಗರ ಸ್ಪಂದನ: ‘ಕ್ರಿಸ್ತನಲ್ಲಿ ಒಂದಾಗಿದ್ದರೆ ಈ ನೋವು ಯಾಕೆ?’

ದಾವಣಗೆರೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ತೋಡಿಕೊಂಡಿದ್ದರು. ಆಟೊ ಓಡಿಸುತ್ತಿದ್ದ ಗಂಡನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯುವ ನೀರಿಗೂ ಲೆಕ್ಕ. ಈ ಬಿಸಿಲಲ್ಲಿ ಬಾಯಾರಿ ಒದ್ದಾಡುತ್ತಾರೆ, ಪ್ರಾರ್ಥನೆ ಮಾಡುವುದನ್ನೇ ಬಿಟ್ಟಿದ್ದಾರೆ. ಮನೆಗೆ ಬರುವ ಕೆಲವರು ‘ನಿಮಗೆ ನಂಬಿಕೆ ಕಡಿಮೆ, ಡಯಾಲಿಸಿಸ್ ನಿಲ್ಲಿಸಿ ದೇವರ ಮೇಲೆ ಭಾರ ಹಾಕಿ’ ಎನ್ನುತ್ತಾರೆ. ‘ದೀಕ್ಷಾಸ್ನಾನದಲ್ಲಿ ಕ್ರಿಸ್ತನ ಜೊತೆ ಒಂದಾದೆವು ಅಂತ ಚಿಕ್ಕಂದಿನಿಂದ ಕಲಿತಿದ್ದೇನೆ. ಒಂದಾಗಿದ್ದರೆ ಈ ನೋವು ಯಾಕೆ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಿನ್ನ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ನೀರಿನ ಮಾತು. ಯೋಹಾನನ ಸುವಾರ್ತೆಯ 19ನೇ ಅಧ್ಯಾಯ ತೆಗೆದು ನೋಡು. ಶಿಲುಬೆಯ ಮೇಲೆ ಯೇಸುಸ್ವಾಮಿ ‘ನನಗೆ ನೀರಡಿಕೆಯಾಗಿದೆ’ ಅನ್ನುತ್ತಾರೆ. ಶುಭ ಶುಕ್ರವಾರ ಶಿಲುಬೆಯ ಏಳು ಮಾತುಗಳ ಮೇಲೆ ಪ್ರಸಂಗ ಮಾಡುತ್ತಾರಲ್ಲ, ಅದರಲ್ಲಿ ಐದನೆಯದು ಇದು. ಕೆಲವರು ಇದನ್ನು ಆತ್ಮಗಳಿಗಾಗಿ ಪಟ್ಟ ಬಾಯಾರಿಕೆ ಅಂತ ವಿವರಿಸುತ್ತಾರೆ. ಇರಬಹುದು. ಆದರೆ ಮೊದಲಿಗೆ ಅದು ರಕ್ತ ಸುರಿದು ಬಸವಳಿದ ಮೈಯ ಮಾತು, ಒಣಗಿದ ನಾಲಿಗೆಯ ಮಾತು. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿಗೆ ‘ನಾನು ಕೊಡುವ ನೀರು ಕುಡಿದವರಿಗೆ ಮತ್ತೆ ಬಾಯಾರುವುದಿಲ್ಲ’ ಎಂದವರೇ ಇಲ್ಲಿ ಬಾಯಾರಿ ಕೇಳುತ್ತಿದ್ದಾರೆ. ಸಿಕ್ಕಿದ್ದು ಸ್ಪಂಜಿನಲ್ಲಿ ಅದ್ದಿದ ಹುಳಿ ದ್ರಾಕ್ಷಾರಸ. ನಿನ್ನ ಯಜಮಾನರ ಬಾಯಾರಿಕೆ ಅವರಿಗೆ ಗೊತ್ತಿಲ್ಲದ್ದಲ್ಲ.

ಒಂದಾಗಿದ್ದರೆ ಈ ನೋವು ಯಾಕೆ ಅಂತ ಕೇಳಿದ್ದೀಯ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ಓದು. ಸೌಲ ಯೆರೂಸಲೇಮಿನಲ್ಲಿ ಮನೆಮನೆ ಹೊಕ್ಕು ಯೇಸುವಿನ ಶಿಷ್ಯರನ್ನು ಎಳೆದು ಸೆರೆಗೆ ಹಾಕಿಸಿದವನು. ಈಗ ದಮಸ್ಕದಲ್ಲಿದ್ದವರನ್ನೂ ಕಟ್ಟಿ ತರಲು ಹೊರಟಿದ್ದಾನೆ. ದಾರಿಯಲ್ಲಿ ಕರ್ತನಾದ ಯೇಸು ‘ನನ್ನ ಜನರನ್ನು ಯಾಕೆ ಹಿಂಸಿಸುತ್ತೀ’ ಅನ್ನಲಿಲ್ಲ. ‘ನನ್ನನ್ನು ಯಾಕೆ’ ಅಂದ. ಪೆಟ್ಟು ಬಿದ್ದದ್ದು ಯಾರೋ ಹೆಂಗಸರಿಗೆ, ಗಂಡಸರಿಗೆ. ನೋವಾಗಿದ್ದು ಆತನಿಗೆ. ಅದೇ ಸೌಲ ಮುಂದೆ ಪೌಲನಾಗಿ ರೋಮಾಪುರದವರಿಗೆ ಬರೆದ. ದೀಕ್ಷಾಸ್ನಾನದಲ್ಲಿ ನಾವು ಕ್ರಿಸ್ತನ ಮರಣದಲ್ಲಿ ಸೇರಿದ್ದೇವೆ, ಪುನರುತ್ಥಾನದಲ್ಲೂ ಸೇರುತ್ತೇವೆ ಎಂದ. ಎರಡೂ ಒಟ್ಟಿಗೇ ಬರುತ್ತವೆ. ಆತನ ಜೊತೆ ಬಾಧೆಪಟ್ಟರೆ ಆತನ ಜೊತೆ ಮಹಿಮೆ ಅಂತ ಅದೇ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಬಿಚ್ಚಿ ಹೇಳಿದ. ಕ್ರಿಸ್ತನಲ್ಲಿ ಇರುವವರಿಗೆ ಕಾಯಿಲೆ ಬರುವುದಿಲ್ಲ ಅಂತ ಎಲ್ಲಿಯೂ ಬರೆಯಲಿಲ್ಲ.

ನಂಬಿಕೆ ಕಡಿಮೆ ಅಂದವರಿಗೆ ಏನು ಹೇಳಲಿ? ಎಫೆಸದಲ್ಲಿ ಪೌಲನ ಮೈ ಮುಟ್ಟಿದ ಕರವಸ್ತ್ರ ತಂದು ಹಾಕಿದರೂ ರೋಗಿಗಳು ವಾಸಿಯಾಗುತ್ತಿದ್ದರು. ಅಂಥ ಪೌಲ ತನ್ನ ಮೈಗೆ ನಾಟಿದ ಶೂಲ ತೆಗೆ ಅಂತ ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’. ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದ. ಹೊಟ್ಟೆನೋವಿನ ತಿಮೊಥೆಯನಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ಇವರಿಗೆಲ್ಲ ನಂಬಿಕೆ ಕಡಿಮೆ ಅನ್ನುವ ಧೈರ್ಯ ಯಾರಿಗಿದೆ?

ಹಾಗಂತ ವಾಸಿ ಮಾಡು ಅಂತ ಕೇಳುವುದನ್ನು ಬಿಡಬೇಡ. ನನ್ನ ಯಜಮಾನರಿಗೆ ಕ್ಯಾನ್ಸರ್ ಆಗಿತ್ತು. ಕೊನೆಯವರೆಗೂ ನಾವು ಅದನ್ನೇ ಬೇಡಿದೆವು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಅಂತ ಯೇಸುಸ್ವಾಮಿಯೇ ಬೇಡಿದ್ದಾರೆ, ಬೇಡುವುದರಲ್ಲಿ ತಪ್ಪೇನಿದೆ? ನನ್ನ ಯಜಮಾನರು ಉಳಿಯಲಿಲ್ಲ. ಈಗ ನಾನು ಹಿಡಿದುಕೊಂಡಿರುವುದು ನಮ್ಮ ದೇಹಕ್ಕೂ ಬಿಡುಗಡೆ ಇದೆ ಎಂಬ ಮಾತನ್ನು. ಬರೀ ಆತ್ಮಕ್ಕಲ್ಲ, ಈ ಕೈಕಾಲಿಗೆ, ಈ ಕಿಡ್ನಿಗೆ. ಎದ್ದು ಬಂದ ಕರ್ತನು ಥೋಮನಿಗೆ ಕೈ ತೋರಿಸಿದಾಗ ಮೊಳೆಯ ಗುರುತು ಅಲ್ಲೇ ಇತ್ತು, ಅಲ್ವಾ? ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 7ನೇ ಅಧ್ಯಾಯದಲ್ಲಿ ಮಹಾ ಹಿಂಸೆ ದಾಟಿ ಬಂದವರಿಗೆ ಇನ್ನು ಬಾಯಾರಿಕೆ ಇಲ್ಲ, ಕುರಿಮರಿಯಾದ ಕ್ರಿಸ್ತನೇ ಅವರನ್ನು ಜೀವಜಲದ ಒರತೆಗಳಿಗೆ ನಡೆಸುತ್ತಾನೆ ಎಂದಿದೆ. ಅದನ್ನು ನಿನ್ನ ಯಜಮಾನರ ಪಕ್ಕ ಕೂತು ಓದು. ಅವರು ಆಮೆನ್ ಅನ್ನದಿದ್ದರೂ ಪರವಾಗಿಲ್ಲ.
– ನಿವೃತ್ತ ಶಿಕ್ಷಕಿ, ಚಿತ್ರದುರ್ಗ

*

ಅಕ್ಕ, ನಾನು ನರ್ಸ್. ಡಯಾಲಿಸಿಸ್ ವಿಭಾಗದಲ್ಲೂ ಕೆಲಸ ಮಾಡಿದ್ದೇನೆ. ದಯವಿಟ್ಟು ಯಾರ ಮಾತು ಕೇಳಿಯೂ ಡಯಾಲಿಸಿಸ್ ನಿಲ್ಲಿಸಬೇಡಿ, ತಪ್ಪಿಸಲೂಬೇಡಿ. ನೀರು ಶ್ವಾಸಕೋಶಕ್ಕೆ ಸೇರಿ ಉಸಿರು ಕಟ್ಟುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಆ ಮಷಿನ್ ಪಕ್ಕ ನಿಂತು ನಾನು ಪ್ರಾರ್ಥನೆ ಮಾಡಿದ್ದೇನೆ. ಚಿಕಿತ್ಸೆ ಒಂದು ಕಡೆ, ದೇವರು ಇನ್ನೊಂದು ಕಡೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಬಾಯಾರಿಕೆಗೆ ಒಂದೆರಡು ಮಾತು. ಡಾಕ್ಟರ್ ಹೇಳಿದ ಅಳತೆಯ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಡಿ. ಚಹಾ, ಸಾರು, ಮಜ್ಜಿಗೆ ಕೊಟ್ಟಾಗ ಅಷ್ಟು ನೀರನ್ನು ಅದರಿಂದ ತೆಗೆಯಿರಿ. ಬಾಯಿ ಒಣಗಿದರೆ ಮುಕ್ಕಳಿಸಿ ಉಗಿಯಲಿ. ಸಣ್ಣ ಐಸ್ ತುಂಡು ಚೀಪಬಹುದು, ಅದನ್ನೂ ನೀರಿನ ಲೆಕ್ಕಕ್ಕೆ ಸೇರಿಸಿ. ಉಪ್ಪು ಜಾಸ್ತಿಯಾದಷ್ಟೂ ದಾಹ ಜಾಸ್ತಿ. ನಮ್ಮೂರಲ್ಲಿ ಸಂಜೆಯಾದರೆ ಖಾರ ಮಂಡಕ್ಕಿ, ಮಿರ್ಚಿ ಇಲ್ಲದೆ ಆಗುವುದಿಲ್ಲ, ಗೊತ್ತು. ಅದೂ ಉಪ್ಪಿನಕಾಯಿಯೂ ಬೇಡ. ನೋಡಲು ಬಂದವರು ಪ್ರೀತಿಯಿಂದ ಎಳನೀರು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ತುಂಬ ಇರುತ್ತದೆ, ಕೊಡಬೇಡಿ.

ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರೆ ಆ ಕೈಯಲ್ಲಿ ಬಿ.ಪಿ. ನೋಡಲು ಬಿಡಬೇಡಿ, ಭಾರ ಎತ್ತಿಸಬೇಡಿ. ದಿನವೂ ಬೆರಳಿಟ್ಟು ನೋಡಿ. ಒಳಗಿನ ಗುಂಯ್ ಎನ್ನುವ ಮಿಡಿತ ನಿಂತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.
– ಸ್ಟಾಫ್ ನರ್ಸ್, ನಿಟುವಳ್ಳಿ, ದಾವಣಗೆರೆ

*

ಇದು ನಿಮ್ಮ ಯಜಮಾನರಿಗೆ. ಅಣ್ಣಾ, ನಾನೂ ಡಯಾಲಿಸಿಸ್‌ನಲ್ಲಿ ಇರುವವನು. ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮೇಲೆ ನೋಡುತ್ತಾ ಮಲಗಿದಾಗ ನನಗೂ ಪ್ರಾರ್ಥನೆ ಬರುವುದಿಲ್ಲ. 88ನೇ ಕೀರ್ತನೆ ಓದಿದ್ದೀರಾ? ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರ, ಸಮಾಧಾನ ಏನೂ ಇಲ್ಲ. ಆದರೂ ಅದು ಬೈಬಲಿನಲ್ಲಿದೆ. ನಮಗೆ ಹೇಗೆ ಬೇಡಬೇಕೆಂದು ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ಪೌಲ ಬರೆದಿದ್ದಾನೆ. ನಿಮ್ಮ ನಿಟ್ಟುಸಿರು ಲೆಕ್ಕಕ್ಕೆ ಬರುತ್ತದೆ ಅಣ್ಣಾ.

ಸೆಪ್ಟೆಂಬರ್ 8ಕ್ಕೆ ನಮ್ಮ ಹರಿಹರದ ಆರೋಗ್ಯಮಾತೆ ಮರಿಯಮ್ಮನವರ ಹಬ್ಬಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ವಾಸಿಯಾದವರು ಕೃತಜ್ಞತೆ ಹೇಳಲು ಬರುತ್ತಾರೆ, ಆಗದವರೂ ಬರುತ್ತಾರೆ. ನಾನು ಎರಡನೆಯ ಗುಂಪಿನವನು. ಮೈಯಲ್ಲಿ ಬಲವಿದ್ದರೆ ಬನ್ನಿ, ಜೊತೆಯಲ್ಲಿ ಕೂರೋಣ.
– ಹರಿಹರದ ಓದುಗ

*

ಎಲ್ಲರೂ ಗಂಡನ ಬಗ್ಗೆ ಬರೆಯುತ್ತಾರೆ, ನಾನು ನಿಮ್ಮ ಬಗ್ಗೆ ಕೇಳುತ್ತೇನೆ. ನೀವು ಊಟ ಮಾಡುತ್ತಿದ್ದೀರಾ? ನಿದ್ದೆ ಮಾಡುತ್ತಿದ್ದೀರಾ? ಕ್ರಿಸ್ತನ ಜೊತೆ ಒಂದಾದವರು ಒಬ್ಬರಿಗೊಬ್ಬರು ಅಂಗಗಳು, ಒಂದು ಅಂಗಕ್ಕೆ ನೋವಾದರೆ ಎಲ್ಲಕ್ಕೂ ನೋವು ಅಂತ ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿದೆ. ಹಾಗಾದರೆ ವಾರಕ್ಕೆ ಮೂರು ಸಲ ನೀವೊಬ್ಬರೇ ಯಾಕೆ ಆಸ್ಪತ್ರೆಗೆ ಓಡಬೇಕು? ನಿಮ್ಮ ಚರ್ಚಿನ ಸಭೆಯವರನ್ನು ನೇರವಾಗಿ ಕೇಳಿ. ಒಂದು ದಿನ ಒಬ್ಬರು ಜೊತೆಗೆ ಹೋಗಲಿ, ಇನ್ನೊಬ್ಬರು ಅಡುಗೆ ನೋಡಿಕೊಳ್ಳಲಿ. ಕೇಳಲು ಸಂಕೋಚವಾದರೆ ಪತ್ರಿಕೆಯವರಿಂದ ನನ್ನ ನಂಬರ್ ತಗೊಳ್ಳಿ. ನನಗೆ ಮಧ್ಯಾಹ್ನ ಬಿಡುವಿರುತ್ತದೆ.
– ಗೃಹಿಣಿ, ವಿನೋಬನಗರ, ದಾವಣಗೆರೆ